ಜೀನ್ ರಿಪೋರ್ಟಲ್ಲಿ ‘ಡೆನ್‌ಡಿ1ಎ: ಪಿಸಿಓಎಸ್ ಅಪಾಯ ಹೆಚ್ಚು’ ಅಂತ ಬಂದಿದೆ. ಅಕ್ಕನ ಮಗಳಿಗೂ ಮಾಡಿಸಬೇಕಾ?

ಸಿಂಚನ_ಮೈಸೂರು
ನಮಸ್ಕಾರ ಎಲ್ಲರಿಗೂ. ನನಗೆ ಪಿಸಿಓಎಸ್ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪೋ ತೊಂದರೆ) ಇದೆ ಅಂತ ಕಾಲೇಜಿನಲ್ಲಿರುವಾಗಲೇ ಗೊತ್ತಾಗಿತ್ತು. ಈಗ ಆಫೀಸಿನ ಹೆಲ್ತ್ ಕ್ಯಾಂಪ್ ಜೊತೆಗೆ ಒಂದು ಜೀನ್ ಟೆಸ್ಟ್ ಡಿಸ್ಕೌಂಟಲ್ಲಿ ಕೊಟ್ರು. ಟ್ಯೂಬಿಗೆ ಎಂಜಲು ತುಂಬಿಸಿ ಕಳಿಸೋದು, ಅಷ್ಟೆ. ದಪ್ಪ ಪುಸ್ತಕದಂಥ ಪಿಡಿಎಫ್ ಬಂತು. ಕಾಫಿ ಕುಡಿದ್ರೆ ನಿದ್ದೆ ಬರುತ್ತಾ, ಹಾಲು ಜೀರ್ಣ ಆಗುತ್ತಾ, ಇಂಥವೆಲ್ಲದರ ನಡುವೆ ಕೆಂಪು ಬಣ್ಣದ ಒಂದು ಪುಟ: ‘ಡೆನ್‌ಡಿ1ಎ ಜೀನ್, ಪಿಸಿಓಎಸ್ ಅಪಾಯ ಹೆಚ್ಚು’.

ಅಮ್ಮ ‘ನಮ್ಮ ಕಡೆ ಯಾರಿಗೂ ಇಂಥದ್ದಿರಲಿಲ್ಲ’ ಅಂತ ಒಂದೇ ಸಮ ಹೇಳ್ತಿದ್ದಾರೆ. ಅಕ್ಕನಿಗೆ ಬೇರೆ ಚಿಂತೆ. ಅವಳ ಮಗಳು ದೊಡ್ಡವಳಾಗಿ ಇನ್ನೂ ವರ್ಷ ತುಂಬಿಲ್ಲ, ಎರಡು ತಿಂಗಳಿಗೊಮ್ಮೆ ಮುಟ್ಟಾಗ್ತಾಳೆ. ಅವಳಿಗೂ ಇದೇ ಟೆಸ್ಟ್ ಮಾಡಿಸಿಬಿಡೋಣ ಅಂತ ಕೂತಿದ್ದಾಳೆ. ಈ ಜೀನ್ ಏನು ಮಾಡುತ್ತೆ, ಮಗುವಿಗೆ ಮಾಡಿಸೋದರಿಂದ ಉಪಯೋಗ ಇದೆಯಾ, ಗೊತ್ತಿರೋರು ಹೇಳಿ.

ಗೌಡ್ರು_ಹಾಸನ
ದುಡ್ಡು ದಂಡ.

ಪೇಡೆ_ಪಾರು
ಗೌಡ್ರ, ಯಾಕ ದಂಡ ಅಂತನೂ ಹೇಳ್ರಿ. ಸುಮ್ನ ಒಂದ ಮಾತ ಒಗದು ಹೋದ್ರ ಹೆಂಗ? ನಾನೂ ಮಾಡ್ಸಬೇಕಂತ ಇದ್ದೆ.

ಪೈಪೆಟ್_ಪದ್ಮ
ನಾನು ಬೆಂಗಳೂರಿನಲ್ಲಿ ಒಂದು ಲ್ಯಾಬಲ್ಲಿ ಕೆಲಸ ಮಾಡ್ತೀನಿ. ಪಿಸಿಓಎಸ್ ನನ್ನ ವಿಷಯ ಅಲ್ಲ, ಆದರೆ ಈ ಜೀನ್ ಕಥೆ ಓದಿಕೊಂಡಿದ್ದೀನಿ.

2011ರಲ್ಲಿ ಚೀನಾದ ಶಾನ್‌ಡಾಂಗ್‌ನ ಝಿ-ಜಿಯಾಂಗ್ ಚೆನ್ ಅವರ ತಂಡ ಹಾನ್ ಚೀನೀ ಹೆಂಗಸರ ಡಿಎನ್‌ಎ ಹೋಲಿಸಿ ನೋಡ್ತು. ಪಿಸಿಓಎಸ್ ಇರೋರು ಒಂದು ಕಡೆ, ಇಲ್ಲದೋರು ಇನ್ನೊಂದು ಕಡೆ. ಮೂರು ಜಾಗಗಳಲ್ಲಿ ವ್ಯತ್ಯಾಸ ಎದ್ದು ಕಂಡಿತು. 2ನೇ ಕ್ರೋಮೋಸೋಮ್‌ನಲ್ಲಿ ಎರಡು (ಅಂಡ ಬಿಡುಗಡೆ ಮಾಡಿಸೋ ಎಲ್‌ಎಚ್ ಹಾರ್ಮೋನನ್ನ ಹಿಡಿಯೋ ರಿಸೆಪ್ಟರ್‌ನ ಜೀನ್ ಇರೋ ಜಾಗ, ಆಮೇಲೆ ಥಾಡಾ ಅನ್ನೋ ಜೀನ್), 9ನೇ ಕ್ರೋಮೋಸೋಮ್‌ನಲ್ಲಿ ಒಂದು. ಆ ಮೂರನೆಯದೇ ಡೆನ್‌ಡಿ1ಎ. ಮುಂದಿನ ವರ್ಷ ಅದೇ ಗುಂಪು ಪಟ್ಟಿಯನ್ನ 11ಕ್ಕೆ ಏರಿಸ್ತು. 2018ರಲ್ಲಿ ಯುರೋಪ್ ಮೂಲದ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಅಧ್ಯಯನ ಬಂತು. ಅದರಲ್ಲಿ 14 ಜಾಗ ಸಿಕ್ಕಿತು, ಡೆನ್‌ಡಿ1ಎ ಅಲ್ಲೂ ಇತ್ತು. ಅಂದ್ರೆ ಚೀನಾದಲ್ಲಿ ಕಂಡದ್ದು ಬರೀ ಕಾಕತಾಳೀಯ ಅಲ್ಲ.

ಈ ಜೀನಿನ ದಿನದ ಕೆಲಸಕ್ಕೂ ಅಂಡಾಶಯಕ್ಕೂ ಮೇಲ್ನೋಟಕ್ಕೆ ಸಂಬಂಧನೇ ಇಲ್ಲ. ಕೋಶದ ಹೊರಪೊರೆಯಿಂದ ಸಾಮಾನು ಒಳಗೆ ಎಳೆದುಕೊಂಡು ಸಾಗಿಸೋ ವ್ಯವಸ್ಥೆಯಲ್ಲಿ ಅದೊಂದು ಸ್ವಿಚ್. ಅದಕ್ಕೇ ಮೊದಲು ಎಲ್ಲರೂ ‘ಇದ್ಯಾಕೆ ಇಲ್ಲಿ ಬಂತು’ ಅಂತ ತಲೆ ಕೆರೆದುಕೊಂಡರು.

ಪೇಡೆ_ಪಾರು
ಛೊಲೋ ತಿಳಿಸಿ ಹೇಳಿದ್ರಿ ಅಕ್ಕಾರ. ಆದ್ರ ಸಾಮಾನ ಸಾಗ್ಸೂ ಜೀನಿಗೂ ನನ್ನ ಗದ್ದದ ಕೂದಲಕ್ಕೂ ಏನ್ ಸಂಬಂಧ ಅನ್ನೂದ ಬರ್ಲಿಲ್ಲ.

ಪೈಪೆಟ್_ಪದ್ಮ
ಬರ್ತಿದೆ ಬರ್ತಿದೆ, ಮಧ್ಯ ಊಟಕ್ಕೆ ಹೋಗಿದ್ದೆ.

ಗದ್ದದ ಕೂದಲು, ಮೊಡವೆ, ನೆತ್ತಿ ತೆಳ್ಳಗಾಗೋದು, ಇವೆಲ್ಲ ಆಂಡ್ರೋಜನ್ ಅನ್ನೋ ಹಾರ್ಮೋನ್ ಜಾಸ್ತಿಯಾದಾಗ ಆಗೋದು. ಅಂಡಾಶಯದಲ್ಲಿ ಅದನ್ನ ತಯಾರು ಮಾಡೋದು ಥೀಕಾ ಕೋಶಗಳು. 2014ರಲ್ಲಿ ಅಮೆರಿಕದ ಪೆನ್ ಸ್ಟೇಟ್‌ನ ಜಾನ್ ಮೆಕಾಲಿಸ್ಟರ್ ಮತ್ತು ಸಂಗಡಿಗರು ಪಿಸಿಓಎಸ್ ಇರೋರ ಥೀಕಾ ಕೋಶಗಳನ್ನ ತಟ್ಟೆಯಲ್ಲಿ ಬೆಳೆಸಿ ನೋಡಿದ್ರು. ಡೆನ್‌ಡಿ1ಎ ಜೀನಿನಿಂದ ಎರಡು ಥರದ ಪ್ರೋಟೀನ್ ಬರುತ್ತೆ, ಒಂದು ಉದ್ದ, ಒಂದು ಮೊಟಕು. ಒಂದೇ ಹಿಟ್ಟಲ್ಲಿ ದೋಸೆನೂ ಹುಯ್ಯಬಹುದು, ಪಡ್ಡೂ ಹುಯ್ಯಬಹುದು ಅನ್ನೋ ಹಾಗೆ. ಮೊಟಕಿನದಕ್ಕೆ ವಿ2 ಅಂತ ಹೆಸರು. ಪಿಸಿಓಎಸ್ ಕೋಶಗಳಲ್ಲಿ ಈ ವಿ2 ಜಾಸ್ತಿ ಇತ್ತು.

ಅಷ್ಟಕ್ಕೇ ಬಿಟ್ಟಿದ್ರೆ ನಾನು ನಂಬ್ತಿರಲಿಲ್ಲ. ಆರೋಗ್ಯವಾಗಿದ್ದ ಹೆಂಗಸರ ಕೋಶಕ್ಕೆ ವಿ2 ಹೆಚ್ಚಿಗೆ ತುಂಬಿದ್ರು, ಅವೂ ಪಿಸಿಓಎಸ್ ಕೋಶದ ಥರ ಆಂಡ್ರೋಜನ್ ಸುರಿಯೋಕೆ ಶುರು ಮಾಡಿದ್ವು. ಸಿವೈಪಿ11ಎ1, ಸಿವೈಪಿ17ಎ1 ಅಂತ ಆಂಡ್ರೋಜನ್ ತಯಾರಿಕೆಯ ಎಂಜೈಮ್‌ಗಳಿವೆ, ಅವುಗಳ ಜೀನ್‌ಗಳೂ ಚುರುಕಾದ್ವು. ಪಿಸಿಓಎಸ್ ಕೋಶದಲ್ಲಿ ವಿ2 ತಗ್ಗಿಸಿದಾಗ ಆಂಡ್ರೋಜನ್ ಇಳೀತು. ಎರಡೂ ದಿಕ್ಕಿನಲ್ಲಿ ಪರೀಕ್ಷೆ ಆಗಿದೆ, ಅದೇ ಈ ಜೀನಿನ ತೂಕ.

ಕರಾವಳಿ_ಕಾಮತ್
ಪಡ್ಡು ಅಂದ್ರಲ್ಲ ಮಾರಾಯ್ರೆ, ಈಗ ರಾತ್ರಿ ಹತ್ತೂವರೆಗೆ ನಾನು ಎಂತ ಮಾಡುದು?

ಶಿವಮೊಗ್ಗ_ಶಾಲಿನಿ
ಹಾಗಾದ್ರೆ ಸಿಂಚನ ಅವರ ರಿಪೋರ್ಟ್ ಸರಿನೇ ಇದೆ ಅಂತಾಯ್ತಲ್ಲ? ಜೀನಿಗೆ ಸಂಬಂಧ ಇದೆ, ರಿಪೋರ್ಟಲ್ಲಿ ಆ ಜೀನ್ ಬಂದಿದೆ. ದಂಡ ಹೇಗಾಗುತ್ತೆ?

ಪೈಪೆಟ್_ಪದ್ಮ
ಶಾಲಿನಿ, ಜಾರೋದು ಅಲ್ಲೇ. ಮೆಕಾಲಿಸ್ಟರ್ ಅಳೆದದ್ದು ಅಂಡಾಶಯದ ಕೋಶದಲ್ಲಿ ವಿ2 ಎಷ್ಟಿದೆ ಅಂತ. ಎಂಜಲು ಟೆಸ್ಟು ನೋಡೋದು ಡಿಎನ್‌ಎಯ ಒಂದು ಅಕ್ಷರ. ಅದೂ ಜೀನಿನೊಳಗೆ ಪ್ರೋಟೀನ್ ಬರೆಯದ ಭಾಗದಲ್ಲಿರೋ ಅಕ್ಷರ. ಆ ಅಕ್ಷರ ಇದ್ದೋರಿಗೆಲ್ಲ ಥೀಕಾ ಕೋಶದಲ್ಲಿ ವಿ2 ಜಾಸ್ತಿ ಇರುತ್ತೆ ಅಂತ ಅರ್ಥ ಅಲ್ಲ. ಎರಡಕ್ಕೂ ಒಂದೇ ಹೆಸರು ಇರೋದರಿಂದ ಮಾರೋರಿಗೆ ಅನುಕೂಲ.

ಈಗ ಲೆಕ್ಕ. ಪಿಸಿಓಎಸ್ ಸಾಮಾನ್ಯವಾಗಿ 100 ಹೆಂಗಸರಲ್ಲಿ ಹತ್ತರ ಆಸುಪಾಸಿನ ಜನಕ್ಕೆ ಇರುತ್ತೆ. 10 ಅಂತ ಇಟ್ಕೊಳ್ಳಿ. ಇಂಥ ಒಂದು ಅಕ್ಷರದಿಂದ ಅಪಾಯ ಏರೋದು ಸುಮಾರು ಒಂದೂಕಾಲು, ಒಂದೂವರೆ ಪಟ್ಟು. ಅಂದ್ರೆ ಆ ಅಕ್ಷರ ಇರೋ 100 ಜನರಲ್ಲಿ 12ರಿಂದ 15 ಜನಕ್ಕೆ ಬರಬಹುದು, ಮಿಕ್ಕ 85ಕ್ಕಾದ್ರೂ ಬರಲ್ಲ. ಅದಕ್ಕೆ ಕೆಂಪು ಬಣ್ಣ ಯಾಕೆ ಬೇಕಿತ್ತು?

ಸಿಂಚನ ವಿಷಯದಲ್ಲಂತೂ ಇನ್ನೂ ತಮಾಷೆ. ಪಿಸಿಓಎಸ್ ಈಗಾಗಲೇ ಇದೆ. ಇರೋ ಕಾಯಿಲೆಗೆ ‘ಬರೋ ಸಾಧ್ಯತೆ ಹೆಚ್ಚು’ ಅಂತ ದುಡ್ಡು ಕೊಟ್ಟು ಹೇಳಿಸಿಕೊಂಡ ಹಾಗಾಯ್ತು.

ಸಿಂಚನ_ಮೈಸೂರು
😂 ಇದನ್ನ ಆಫೀಸ್ ಗ್ರೂಪಿಗೆ ಹಾಕ್ತೀನಿ.

ಗೌಡ್ರು_ಹಾಸನ
ನಾನು ಎರಡೇ ಪದದಲ್ಲಿ ಹೇಳಿದ್ನಲ್ಲಮ್ಮ.

ಸಣ್ಣಕಡ್ಡಿ
ಎಲ್ಲರೂ ಒಂದೇ ಕಡೆ ವಾಲ್ತಿದ್ದೀರ, ನಾನು ಇನ್ನೊಂದು ಕಡೆ ನಿಲ್ತೀನಿ. ನನ್ನ ತೂಕ ಯಾವತ್ತೂ 50 ಕೆಜಿ ದಾಟಿಲ್ಲ. ಆದರೂ ಹೋದ ಡಾಕ್ಟರೆಲ್ಲ ‘ಜಂಕ್ ಬಿಡಿ, ವಾಕಿಂಗ್ ಮಾಡಿ’. ನಾದಿನಿ ‘ರಾತ್ರಿ ಮೊಬೈಲ್ ನೋಡೋದರಿಂದ ಹೀಗೆ’. ಅತ್ತೆ ‘ತಡವಾಗಿ ಮದುವೆ ಆದದ್ದಕ್ಕೆ’. ನಾನು ಏನೋ ತಪ್ಪು ಮಾಡಿಕೊಂಡಿದ್ದೀನಿ ಅಂತಲೇ ಎಲ್ಲರ ಮಾತು. ಇಂಥದ್ದೇ ಒಂದು ರಿಪೋರ್ಟಲ್ಲಿ ಜೀನ್ ಹೆಸರು ನೋಡಿದಾಗ ನನಗೆ ಅಳು ಬಂತು, ದುಃಖಕ್ಕಲ್ಲ. ಅದನ್ನ ಪ್ರಿಂಟ್ ತೆಗೆದು ಊಟದ ಟೇಬಲ್ ಮೇಲೆ ಇಟ್ಟೆ. ಬಾಯಿ ಮುಚ್ಚಿದ್ರು. ಅಷ್ಟಕ್ಕೆ ಆ ದುಡ್ಡು ಸಾರ್ಥಕ ಅಂತೀನಿ, ವಿಜ್ಞಾನ ಏನಾದ್ರೂ ಹೇಳಲಿ.

ಪೇಡೆ_ಪಾರು
ಖರೇ ಹೇಳಿದ್ರಿ ತಂಗಿ. ನಮ್ಮವ್ವ ನನ್ನ ಕುತ್ತಿಗಿ ಕರ್ರಗಾಗೇತಿ ಅಂತ ಹೈಸ್ಕೂಲಿಗೆ ಹೋಗೂ ಮುಂದ ಕಡ್ಲಿಹಿಟ್ಟು, ನಿಂಬಿಹಣ್ಣು ಹಚ್ಚಿ ತಿಕ್ಕಿದ್ದ ತಿಕ್ಕಿದ್ದು. ಚರ್ಮ ಸುಲದು ಕೆಂಪಗ ಆಗ್ತಿತ್ತು, ಕರಿ ಮಾತ್ರ ಹೋಗ್ತಿದ್ದಿಲ್ಲ. ‘ಜಳಕಾ ಸರಿ ಮಾಡೂದಿಲ್ಲ ನೀ’ ಅಂತ ಬೈಗುಳ ಬ್ಯಾರೆ. ಅದು ಹೊಲಸಲ್ಲ, ಇನ್ಸುಲಿನ್ ಹೆಚ್ಚಾಗಿದ್ದಕ್ಕ ಆಗೂದು ಅಂತ ಯಾರಿಗೂ ಗೊತ್ತಿದ್ದಿಲ್ಲ.

ಹಳ್ಳಿ_ಡಾಕ್ಟ್ರು
ಪಾರು ಅವರು ಹೇಳಿದ್ದು ಬಹಳ ಮುಖ್ಯ. ಕುತ್ತಿಗೆ, ಕಂಕುಳಲ್ಲಿ ಮಖಮಲ್ಲಿನ ಹಾಗೆ ಚರ್ಮ ದಪ್ಪಗಾಗಿ ಕಪ್ಪಾದ್ರೆ ತಿಕ್ಕಬೇಡಿ, ಸಕ್ಕರೆ ಪರೀಕ್ಷೆ ಮಾಡಿಸಿ. ಇನ್ಸುಲಿನ್ ಹೆಚ್ಚಾದಾಗ ಅದು ಥೀಕಾ ಕೋಶಕ್ಕೂ ಕುಮ್ಮಕ್ಕು ಕೊಡುತ್ತೆ. ಜೊತೆಗೆ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಹಿಡಿದಿಟ್ಟುಕೊಳ್ಳೋ ಪ್ರೋಟೀನನ್ನ ಲಿವರ್ ಕಡಿಮೆ ಮಾಡುತ್ತೆ. ಎರಡೂ ಸೇರಿ ಆಂಡ್ರೋಜನ್ ಪ್ರಭಾವ ಏರುತ್ತೆ.

ಸಿಂಚನ ಅವರೇ, ಅಕ್ಕನ ಮಗಳ ವಿಷಯ. ದೊಡ್ಡವಳಾದ ಮೊದಲ ವರ್ಷ ಮುಟ್ಟು ಏರುಪೇರಾಗೋದು ಸಹಜ. ಒಂದು ವರ್ಷ ಕಳೆದು ಮೂರು ವರ್ಷದೊಳಗೆ 45 ದಿನಕ್ಕಿಂತ ಹೆಚ್ಚು ಅಂತರ ಆಗ್ತಾನೇ ಇದ್ದರೆ ತೋರಿಸಿ. ಅಷ್ಟಿದ್ದರೂ ಆಂಡ್ರೋಜನ್ ಹೆಚ್ಚಿರೋ ಲಕ್ಷಣ ಇಲ್ಲದೆ ಈ ವಯಸ್ಸಲ್ಲಿ ಪಿಸಿಓಎಸ್ ಅಂತ ಹಣೆಪಟ್ಟಿ ಹಚ್ಚಬಾರದು. ಸ್ಕ್ಯಾನಿಂಗ್ ಅಂತೂ ಬೇಡವೇ ಬೇಡ. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ ಹದಿಹರೆಯದಲ್ಲಿ ಸ್ಕ್ಯಾನ್ ನೋಡಿ ಪಿಸಿಓಎಸ್ ಹೇಳೋ ಹಾಗಿಲ್ಲ, ಯಾಕಂದ್ರೆ ಆ ವಯಸ್ಸಿನ ಎಷ್ಟೋ ಆರೋಗ್ಯವಂತ ಹುಡುಗಿಯರ ಅಂಡಾಶಯವೂ ಪಿಸಿಓಎಸ್ ಇದ್ದ ಹಾಗೇ ಕಾಣುತ್ತೆ. ಎಎಂಎಚ್ (ಅಂಡಾಶಯದ ಒಂದು ಹಾರ್ಮೋನ್) ರಕ್ತಪರೀಕ್ಷೆಯೂ ದೊಡ್ಡವರಿಗೆ ಮಾತ್ರ. ಇನ್ನು ಜೀನ್ ಟೆಸ್ಟ್, ರೋಗ ಗುರುತಿಸೋ ಯಾವ ಹಂತದಲ್ಲೂ ಅದರ ಮಾತೇ ಇಲ್ಲ.

ಸಿಂಚನ_ಮೈಸೂರು
ಥ್ಯಾಂಕ್ಸ್ ಡಾಕ್ಟ್ರೇ. ಅಕ್ಕನಿಗೆ ಸ್ಕ್ರೀನ್‌ಶಾಟ್ ಕಳಿಸ್ದೆ. ‘ಯಾರೋ ಇಂಟರ್ನೆಟ್ಟಿನೋರು ಹೇಳಿದ್ರೆ ಆಯ್ತಾ’ ಅಂದ್ಲು. ಟೆಸ್ಟ್ ಕಂಪನಿಯೋರೂ ಇಂಟರ್ನೆಟ್ಟಿನೋರೇ ಅಲ್ವಾ ಅಂದೆ.

ಶಿವಮೊಗ್ಗ_ಶಾಲಿನಿ
ಆದರೆ ಡಾಕ್ಟ್ರೇ, ವಂಶಪಾರಂಪರ್ಯ ಅನ್ನೋದು ಸುಳ್ಳಲ್ಲವಲ್ಲ. ನನಗಿದೆ, ತಂಗಿಗಿದೆ, ದೊಡ್ಡಪ್ಪನ ಮಗಳಿಗಿದೆ.

ಪೈಪೆಟ್_ಪದ್ಮ
ಸುಳ್ಳಲ್ಲ. 2006ರಲ್ಲಿ ನೆದರ್‌ಲ್ಯಾಂಡ್ಸ್‌ನ ಅವಳಿ ಸೋದರಿಯರ ಅಧ್ಯಯನ ಬಂತು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಹೋಲಿಕೆ (1 ಅಂದ್ರೆ ಪೂರ್ತಿ ಒಂದೇ ಥರ) 0.71, ಬೇರೆ ಅವಳಿಗಳಲ್ಲಿ ಮತ್ತು ಅಕ್ಕತಂಗಿಯರಲ್ಲಿ 0.38. ಅಂದ್ರೆ ವಂಶದ ಪಾತ್ರ ದೊಡ್ಡದೇ. ಆದರೆ ಆ ದೊಡ್ಡ ಪಾತ್ರದಲ್ಲಿ ಈವರೆಗೆ ಸಿಕ್ಕ ಜಾಗಗಳೆಲ್ಲ ಸೇರಿ ವಿವರಿಸೋದು ಹತ್ತರಲ್ಲಿ ಒಂದು ಭಾಗದಷ್ಟು. ಮಿಕ್ಕಿದ್ದು ಎಲ್ಲಿ ಅಡಗಿದೆ ಅಂತಲೇ ಈಗಿನ ಹುಡುಕಾಟ.

ಒಂದು ಉತ್ತರ 2019ರಲ್ಲಿ ಬಂತು. ಅಮೆರಿಕದ ಆಂಡ್ರಿಯಾ ಡುನೈಫ್ ತಂಡ ಒಂದೊಂದು ಕುಟುಂಬದ ಪೂರ್ತಿ ಜೀನೋಮ್ ಓದಿಸ್ತು. ಎಲ್ಲರಲ್ಲೂ ಇರೋ ಸಾಮಾನ್ಯ ಅಕ್ಷರ ಬಿಟ್ಟು, ಅಪರೂಪದ ಬದಲಾವಣೆಗಳನ್ನ ಹುಡುಕಿದ್ರು. ಅರ್ಧದಷ್ಟು ಕುಟುಂಬಗಳಲ್ಲಿ ಅವು ಸಿಕ್ಕಿದ್ದು ಡೆನ್‌ಡಿ1ಎಯಲ್ಲೇ! ಆದರೆ ಕುಟುಂಬದಿಂದ ಕುಟುಂಬಕ್ಕೆ ಬೇರೆ ಬೇರೆ ಬದಲಾವಣೆ. ಅಗ್ಗದ ಎಂಜಲು ಟೆಸ್ಟುಗಳು ಮೊದಲೇ ಗೊತ್ತಿರೋ ಆಯ್ದ ಅಕ್ಷರಗಳನ್ನ ಮಾತ್ರ ನೋಡೋದು, ಇಂಥವು ಅವಕ್ಕೆ ಕಾಣಿಸೋದೇ ಇಲ್ಲ. ಹಾಗಾಗಿ ‘ಅಪಾಯ ಕಡಿಮೆ’ ಅಂತ ಹಸಿರು ಪುಟ ಬಂದೋರೂ ಖುಷಿಪಡೋ ಹಾಗಿಲ್ಲ.

ದಾವಣಗೆರೆ_ಬೆಣ್ಣೆ
ನಾನು ಗಂಡಸು, ಹೆಂಡ್ತಿಗೋಸ್ಕರ ಓದ್ತಿದ್ದೀನಿ. ಒಂದು ಅನುಮಾನ. ನಮ್ಮ ಮಗಳಿಗೆ ಬಂದ್ರೆ ಅದು ಅವಳ ಅಮ್ಮನಿಂದಲೇ ತಾನೇ? ನಮ್ಮ ಮನೆಯೋರು ಈಗಲೇ ಆ ರಾಗ ಎಳೀತಿದ್ದಾರೆ.

ಹಳ್ಳಿ_ಡಾಕ್ಟ್ರು
9ನೇ ಕ್ರೋಮೋಸೋಮ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತೆ ಸ್ವಾಮಿ. ಗಂಡಸರಿಗೆ ಅಂಡಾಶಯ ಇಲ್ಲ ಅಂದ ಮಾತ್ರಕ್ಕೆ ಜೀನ್ ಇಲ್ಲ ಅಂತಲ್ಲ. ಲಕ್ಷಾಂತರ ಜನರ ಜೀನ್, ಆರೋಗ್ಯದ ವಿವರ ಕೂಡಿಟ್ಟಿರೋ ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಮಾಹಿತಿ ಇಟ್ಟುಕೊಂಡು ನೋಡಿದಾಗ, ಪಿಸಿಓಎಸ್ ತರೋ ಜೀನ್‌ಗಳ ಹೊರೆ ಹೆಚ್ಚಿರೋ ಗಂಡಸರಲ್ಲಿ ಬೊಜ್ಜು, ಸಕ್ಕರೆ ಕಾಯಿಲೆ, ಬೊಕ್ಕತಲೆ ಹೆಚ್ಚು ಕಂಡಿದೆ. ನಿಮ್ಮ ಮನೆಯೋರಿಗೆ ಮೊದಲು ನಿಮ್ಮ ತಂದೆಯವರ ಶುಗರ್ ಎಷ್ಟು ಅಂತ ಕೇಳಿ.

ದಾವಣಗೆರೆ_ಬೆಣ್ಣೆ
ಅಪ್ಪನಿಗೆ ಶುಗರ್ ಇದೆ. ನನ್ನ ತಲೆ ಬಗ್ಗೆ ಮಾತು ಬೇಡ.

ಕರಾವಳಿ_ಕಾಮತ್
ಇಲ್ಲಿ ಇಬ್ಬರ ತಲೆ ಉಂಟು ಮಾರಾಯ್ರೆ, ಒಬ್ಬರದ್ದೇ ಅಂತ ಬೇಜಾರು ಮಾಡ್ಬೇಡಿ.

ಸಿಂಚನ_ಮೈಸೂರು
ಅಯ್ಯೋ, ನಮ್ಮಪ್ಪನ ಕಡೆ ಮೂರು ಜನ ಚಿಕ್ಕಪ್ಪಂದಿರಿಗೂ ನಲವತ್ತರೊಳಗೆ ಶುಗರ್. ಅಮ್ಮ ಇದನ್ನ ಓದಿದ್ರೆ ಮನೇಲಿ ಹಬ್ಬ.

ಮೆಂತ್ಯ_ಮೀನಾಕ್ಷಿ
ಇಷ್ಟೆಲ್ಲ ಜೀನು ಗೀನು ಯಾಕೆ? ರಾತ್ರಿ ಮೆಂತ್ಯ ನೆನೆಸಿ ಬೆಳಗ್ಗೆ ಖಾಲಿ ಹೊಟ್ಟೆಗೆ ಕುಡೀರಿ. ನಮ್ಮ ಅಜ್ಜಿ ಕಾಲದಲ್ಲಿ ಈ ಪಿಸಿಓಎಸ್ ಎಲ್ಲಿತ್ತು? ಈಗಿನ ಹಾಲು, ಈಗಿನ ಕೋಳಿ, ಅದರಿಂದ ಬಂದದ್ದು.

ಶಿವಮೊಗ್ಗ_ಶಾಲಿನಿ
ಅಜ್ಜಿ ಕಾಲದಲ್ಲೂ ಇತ್ತು ಅಮ್ಮಾ. ಷಿಕಾಗೋದಲ್ಲಿ ಸ್ಟೈನ್, ಲೆವೆಂಥಾಲ್ ಅನ್ನೋ ಇಬ್ಬರು ಡಾಕ್ಟರು ಏಳು ಹೆಂಗಸರ ಬಗ್ಗೆ ಬರೆದದ್ದು 1935ರಲ್ಲಿ. ಆಗ ಈಗಿನಂಥ ಬ್ರಾಯ್ಲರ್ ಕೋಳಿ ಎಲ್ಲಿತ್ತು? ನಮ್ಮಲ್ಲಿ ಮಕ್ಕಳಾಗದವರನ್ನ ಬಂಜೆ ಅಂತ ಕರೆದು ಮೂಲೆಗೆ ಕೂರಿಸ್ತಿದ್ರು, ಅವರಲ್ಲಿ ಎಷ್ಟು ಜನಕ್ಕೆ ಇದಿತ್ತೋ.

ಮೆಂತ್ಯ_ಮೀನಾಕ್ಷಿ
ಸರಿ ಕಣಮ್ಮ, ಆದ್ರೂ ಮೆಂತ್ಯದಿಂದ ನಷ್ಟ ಏನು?

ಹಳ್ಳಿ_ಡಾಕ್ಟ್ರು
ಮೆಂತ್ಯದಿಂದ ನಷ್ಟ ಇಲ್ಲ. ಮೆಂತ್ಯ ಕುಡೀತಿದ್ದೀನಿ ಅಂತ ನಾಲ್ಕೈದು ತಿಂಗಳು ಮುಟ್ಟಾಗದಿದ್ರೂ ಸುಮ್ಮನಿರೋದರಿಂದ ನಷ್ಟ ಇದೆ. ಮುಟ್ಟಾಗದೆ ಉಳಿದಷ್ಟೂ ಗರ್ಭಕೋಶದ ಒಳಪದರ ದಪ್ಪಗಾಗ್ತಾ ಹೋಗುತ್ತೆ, ವರ್ಷಗಟ್ಟಲೆ ಹಾಗೇ ಬಿಟ್ರೆ ಅಲ್ಲಿ ಕ್ಯಾನ್ಸರ್ ಅಪಾಯ ಏರುತ್ತೆ. ಮೂರು ತಿಂಗಳು ದಾಟಿದ್ರೆ ಡಾಕ್ಟರ್ ಹತ್ತಿರ ಹೋಗಿ. ನನ್ನ ಹತ್ತಿರ ಬರೋರಲ್ಲಿ ಅರ್ಧ ಜನ ‘ಬರದಿದ್ರೆ ಒಳ್ಳೇದೇ, ಕಿರಿಕಿರಿ ಇಲ್ಲ’ ಅಂತ ಕೂತಿರ್ತಾರೆ.

ಸಣ್ಣಕಡ್ಡಿ
ಪದ್ಮ ಅವರಿಗೆ ಒಂದು ಪ್ರಶ್ನೆ. ಜೀನ್ ಕಾರಣ ಆದ್ರೆ ತೂಕದ ಮಾತು ಎತ್ತೋದೇ ತಪ್ಪು ಅಂತ ನನ್ನ ವಾದ. ಒಪ್ತೀರಾ?

ಪೈಪೆಟ್_ಪದ್ಮ
ಪೂರ್ತಿ ಒಪ್ಪಲ್ಲ. ತೂಕ ಹೆಚ್ಚಿಸೋ ಜೀನ್‌ಗಳನ್ನೇ ಹಿಡಿದು ಲೆಕ್ಕ ಹಾಕಿದ ಅಧ್ಯಯನಗಳಿವೆ. ಅವುಗಳ ಪ್ರಕಾರ ತೂಕ ಹೆಚ್ಚಾಗೋದೂ ಪಿಸಿಓಎಸ್‌ಗೆ ಒಂದು ಕಾರಣವೇ. ಆದರೆ ನಿಮ್ಮಂಥೋರಿಗೆ, ತೂಕ ಇಲ್ಲದೆ ಆಂಡ್ರೋಜನ್ ಹೆಚ್ಚಿರೋರಿಗೆ, ವಾಕಿಂಗ್ ಮಾಡಿ ಅಂತ ಚೀಟಿ ಬರೆದು ಕಳಿಸೋದು ಸೋಮಾರಿತನ. ಅದೇ ಡುನೈಫ್ ಗುಂಪು 2020ರಲ್ಲಿ ಪಿಸಿಓಎಸ್‌ನಲ್ಲೇ ಎರಡು ಬಗೆ ಗುರುತಿಸಿತು. ಒಂದರಲ್ಲಿ ತೂಕ, ಸಕ್ಕರೆ, ಇನ್ಸುಲಿನ್ ಮುಂದೆ. ಇನ್ನೊಂದರಲ್ಲಿ ಎಲ್‌ಎಚ್ ಹಾರ್ಮೋನ್ ಹೆಚ್ಚು, ತೂಕ ಇನ್ಸುಲಿನ್ ಎರಡೂ ಕಡಿಮೆ. ಎರಡು ಬಗೆಗೂ ಜೀನಿನ ಗುರುತು ಬೇರೆ ಬೇರೆ. ನನ್ನ ಮಟ್ಟಿಗೆ ಜೀನ್ ಸಂಶೋಧನೆಯಿಂದ ಬರಬೇಕಾದ ಲಾಭ ಇದು, ಯಾರಿಗೆ ಯಾವ ಚಿಕಿತ್ಸೆ ಅಂತ ಬೇರ್ಪಡಿಸೋದು. ಅಲ್ಲಿಗೆ ಇನ್ನೂ ತಲುಪಿಲ್ಲ. ನಿಮ್ಮತ್ತೆ ಬಾಯಿ ಮುಚ್ಚಿಸೋಕೆ ಅವಳಿಗಳ ಅಧ್ಯಯನದ ಒಂದು ಸಾಲು ಸಾಕು, ಅದು ಬಿಟ್ಟಿ.

ಸಣ್ಣಕಡ್ಡಿ
ಬಿಟ್ಟಿ ಸಿಕ್ಕಿದ್ದಕ್ಕೆ ನಮ್ಮ ಮನೇಲಿ ಬೆಲೆ ಇಲ್ಲ. ಕಲರ್ ಪ್ರಿಂಟ್, ಲ್ಯಾಬ್ ಸೀಲ್ ಬೇಕು. 😏

ಎಡಿಸನ್_ಕನ್ನಡತಿ
ನ್ಯೂಜೆರ್ಸಿಯಿಂದ. ಇಲ್ಲೂ ಅದೇ ಕಥೆ, ಎಂಜಲು ಟೆಸ್ಟ್ ಹಬ್ಬದ ಗಿಫ್ಟ್ ಥರ ಸಿಗುತ್ತೆ. ನನ್ನ ಪ್ರಶ್ನೆ ಬೇರೆ. ಚೀನೀಯರು, ಯುರೋಪಿನೋರು ಅಂತ ಹೇಳ್ತಿದ್ದೀರಲ್ಲ, ನಮ್ಮೋರ ಲೆಕ್ಕ ಎಲ್ಲಿ?

ಪೈಪೆಟ್_ಪದ್ಮ
ಸರಿಯಾದ ಜಾಗಕ್ಕೆ ಕೈ ಹಾಕಿದ್ರಿ. ಆ ದೊಡ್ಡ ಅಧ್ಯಯನಗಳು ಹಾನ್ ಚೀನೀಯರ ಮೇಲೆ, ಯುರೋಪ್ ಮೂಲದವರ ಮೇಲೆ ಆದವು. ಒಂದು ಅಕ್ಷರ ಅಲ್ಲಿ ಎಷ್ಟು ಜನರಲ್ಲಿದೆ, ಅಕ್ಕಪಕ್ಕದ ಯಾವ ಅಕ್ಷರದ ಜೊತೆ ಸಾಗಿ ಬರುತ್ತೆ ಅನ್ನೋದು ನಮ್ಮಲ್ಲಿ ಬೇರೆ ಇರಬಹುದು. ಜೀನೋಮ್ ಇಂಡಿಯಾ ಅಂತ ಯೋಜನೆ ಆಯ್ತಲ್ಲ, ನಮ್ಮ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರವೇ ಮುಂದೆ ನಿಂತು ನಡೆಸಿದ್ದು. 10,000 ಭಾರತೀಯರ ಜೀನೋಮ್ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ಸಿಗೋ ಹಾಗಾಯ್ತು. ಅದು ಪಿಸಿಓಎಸ್ ಅಧ್ಯಯನ ಅಲ್ಲ, ಆದರೆ ಯಾವ ಅಕ್ಷರ ನಮ್ಮಲ್ಲಿ ಎಷ್ಟು ಸಾಮಾನ್ಯ ಅಂತ ತಿಳಿಯೋಕೆ ಬುನಾದಿ.

ಪೇಡೆ_ಪಾರು
ವಿ2 ತಗ್ಗಿಸಿದ್ರ ಆಂಡ್ರೋಜನ್ ಇಳೀತು ಅಂದ್ರಲ್ಲಾ, ಅದಕ್ಕ ಗುಳಿಗಿ ಬಂದಾವೇನ್ರಿ?

ಪೈಪೆಟ್_ಪದ್ಮ
ವಿ2 ಹಿಡಿದು ತಗ್ಗಿಸೋ ಮಾತ್ರೆ ಅಂಗಡಿಯಲ್ಲಿ ಇಲ್ಲ. ಆದರೆ ಮೇಲೆ ಹೇಳಿದ ಸಿವೈಪಿ11ಎ1 ಎಂಜೈಮ್ ಇದೆಯಲ್ಲ, ಅದರ ಮೇಲೆ 2024ರಲ್ಲಿ ಶಾಂಘೈನ ಫುಡಾನ್ ವಿಶ್ವವಿದ್ಯಾಲಯದವರ ಕೆಲಸ ಬಂತು. ಮಲೇರಿಯಾಕ್ಕೆ ಕೊಡೋ ಆರ್ಟೆಮಿಸಿನಿನ್ ಜಾತಿಯ ಔಷಧಿ ಆ ಎಂಜೈಮನ್ನ ಕರಗಿಸಿ ಆಂಡ್ರೋಜನ್ ಇಳಿಸುತ್ತೆ ಅಂತ. 19 ಹೆಂಗಸರಿಗೆ 12 ವಾರ ಕೊಟ್ಟು ನೋಡಿದ್ದಾರೆ. ಆಂಡ್ರೋಜನ್ ಇಳೀತು, ಹೆಚ್ಚಿನವರಲ್ಲಿ ಮುಟ್ಟು ಹಳಿಗೆ ಬಂತು.

ದಾವಣಗೆರೆ_ಬೆಣ್ಣೆ
ಮಲೇರಿಯಾ ಮಾತ್ರೆ ನಮ್ಮ ಮೆಡಿಕಲ್ ಶಾಪಲ್ಲೇ ಸಿಗುತ್ತಲ್ಲ!

ಹಳ್ಳಿ_ಡಾಕ್ಟ್ರು
ಕೈ ಮುಗೀತೀನಿ, ಬೇಡ. 19 ಜನ ಅಂದ್ರೆ ನಮ್ಮೂರ ಬಸ್ಸಿನ ಅರ್ಧ ಸೀಟೂ ತುಂಬಲ್ಲ. ಹೋಲಿಸಿ ನೋಡೋಕೆ ಬೇರೆ ಗುಂಪೂ ಇರಲಿಲ್ಲ. ಆ ಮಾತ್ರೆ ಕಂಡಕಂಡವರು ನುಂಗಿದ್ರೆ ಮಲೇರಿಯಾ ರೋಗಾಣು ಅದಕ್ಕೆ ಒಗ್ಗಿಹೋಗುತ್ತೆ, ಆಮೇಲೆ ನಿಜವಾಗಿ ಜ್ವರ ಬಂದೋರು ಏನು ಮಾಡಬೇಕು? ಹೆಂಡತಿ ಗರ್ಭಿಣಿ ಆಗೋ ಯೋಚನೆಯಲ್ಲಿದ್ದರಂತೂ ಇನ್ನೂ ಜಾಗ್ರತೆ.

ದಾವಣಗೆರೆ_ಬೆಣ್ಣೆ
ತಗೊಳ್ಳಲ್ಲ ಬಿಡಿ, ಕೇಳಿದೆ ಅಷ್ಟೆ. ಅವಳಿಗೆ ಮೆಟ್‌ಫಾರ್ಮಿನ್ ಬರೆದಿದ್ದಾರೆ. ‘ಶುಗರ್ ಇಲ್ಲದೆ ಶುಗರ್ ಮಾತ್ರೆ ಯಾಕೆ’ ಅಂತ ಡಬ್ಬಿ ತೆಗೀತಾನೇ ಇಲ್ಲ.

ಹಳ್ಳಿ_ಡಾಕ್ಟ್ರು
ಇನ್ಸುಲಿನ್ ಭಾರ ಇಳಿಸೋಕೆ ಕೊಡೋದು, ಶುಗರ್ ಇರಲೇಬೇಕು ಅಂತಿಲ್ಲ. ಮೊದಮೊದಲು ಹೊಟ್ಟೆ ಕೆಡಿಸುತ್ತೆ, ಊಟದ ಜೊತೆ ಸಣ್ಣ ಪ್ರಮಾಣದಿಂದ ಶುರು ಮಾಡಿದ್ರೆ ಒಗ್ಗುತ್ತೆ. ಎಷ್ಟು ಅಂತ ಬರೆದುಕೊಟ್ಟೋರನ್ನೇ ಕೇಳಿ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ತೆಗೆಯೋ ಪರೀಕ್ಷೆ ಆಗಿದೆಯಾ? ಬರೀ ಖಾಲಿ ಹೊಟ್ಟೆ ಶುಗರ್ ನೋಡಿ ಬಿಟ್ಟಿದ್ರೆ ಅದನ್ನ ಮಾಡಿಸಿ. ಎಂಜಲು ಟೆಸ್ಟಿಗೆ ಕೊಡೋ ದುಡ್ಡಿನ ಮುಂದೆ ಅದು ಏನೂ ಅಲ್ಲ.

ಎಡಿಸನ್_ಕನ್ನಡತಿ
ಗ್ಲೂಕೋಸ್ ನೀರಿಗೆ ನಿಂಬೆಹಣ್ಣು ಹಿಂಡಿಕೊಳ್ಳಬಹುದಾ ಅಂತ ಮೊದಲೇ ಕೇಳಿಕೊಳ್ಳಲಿ. ಬರೀ ಸಿಹಿ ನೀರು ಕುಡಿದು ನನಗೆ ವಾಂತಿ ಆಗಿ ಮತ್ತೆ ಇನ್ನೊಂದು ದಿನ ಹೋಗಬೇಕಾಯ್ತು.

ದಾವಣಗೆರೆ_ಬೆಣ್ಣೆ
ಆ ಪರೀಕ್ಷೆ ಆಗಿಲ್ಲ. ಶನಿವಾರ ಕರ್ಕೊಂಡು ಹೋಗ್ತೀನಿ, ನನ್ನದೂ ಒಂದು ಮಾಡಿಸ್ಕೊಂಡು ಬರ್ತೀನಿ.